ರೋಗಕ್ಕೂ ನೆರೆಗೂ ಒಂದೇ ಕಡತವೇ?

ಪ್ರಶ್ನೆ ಇಷ್ಟು: ನೆರೆ, ಬರ, ಬೆಂಕಿಯ ಜೊತೆಗೆ ಸಾಂಕ್ರಾಮಿಕ ರೋಗವನ್ನೂ ಜಿಲ್ಲೆಯ ವಿಪತ್ತು ಸಿದ್ಧತೆಯೊಳಗೆ ತರಬೇಕೆ? ಹೌದು ಎನ್ನುವವರು ನಂಜನಗೂಡಿನವರು, ಬೇಡ ಎನ್ನುವವರು ಮಂಡ್ಯ ಸೀಮೆಯವರು.

ಪರ: ಹಾವಿಗೆ ನಂಬರಿತ್ತು, ಭೇದಿಗೆ ಇರಲಿಲ್ಲ

ಕಬಿನಿಯಿಂದ ನೀರು ಬಿಟ್ಟರೆ ಏನಾಗುತ್ತದೆ ಎಂದು ನಂಜನಗೂಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ನಾನಘಟ್ಟ ಮುಳುಗುತ್ತದೆ. ಹದಿನಾರು ಕಾಲು ಮಂಟಪ ಕುತ್ತಿಗೆವರೆಗೆ ನೀರಲ್ಲಿ ನಿಲ್ಲುತ್ತದೆ. ಮಲ್ಲನಮೂಲೆ ಮಠದ ಹತ್ತಿರ ರಸ್ತೆಗೆ ನೀರು ಹತ್ತಿದರೆ ಊಟಿ ಕಡೆಯ ಗಾಡಿಗಳು ಸುತ್ತು ಹಾಕುತ್ತವೆ. ಗಂಜಿ ಕೇಂದ್ರ ಎಲ್ಲಿ, ಅಕ್ಕಿ ಎಲ್ಲಿಂದ, ಅಡುಗೆ ಯಾರದು, ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಅಭ್ಯಾಸವಾಗಿರುವುದರಿಂದ ಗಾಬರಿಯೂ ಕಡಿಮೆ.

2019ರ ಆಗಸ್ಟ್‌ನಲ್ಲಿ ಅಂಥದ್ದೊಂದು ಕೇಂದ್ರದಲ್ಲಿ ಮೂರು ದಿನ ಅನ್ನ ಬಡಿಸಿದ್ದೆ. ಗೋಡೆಯ ಮೇಲೆ ಫೋನ್ ನಂಬರುಗಳ ಹಾಳೆ ಅಂಟಿಸಿದ್ದರು. ಕಂದಾಯ ನಿರೀಕ್ಷಕರು, ಲೈನ್‌ಮನ್, ಅಗ್ನಿಶಾಮಕ ದಳ, ಕೊನೆಗೆ ಹಾವು ಹಿಡಿಯುವವರ ನಂಬರೂ ಇತ್ತು. ಹಾಳೆಯ ಕೆಳಗೇ ಒಂದು ನೀಲಿ ಡ್ರಮ್ಮು, ಅದರ ಕಿವಿಗೆ ದಾರ ಕಟ್ಟಿ ಇಳಿಬಿಟ್ಟ ಒಂದೇ ಒಂದು ಸ್ಟೀಲ್ ಲೋಟ. ಬಂದವರೆಲ್ಲ ಅದನ್ನೇ ಅದ್ದಿ ಕುಡಿದು ಮತ್ತೆ ಡ್ರಮ್ಮಿಗೇ ಬಿಡುತ್ತಿದ್ದರು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಭೇದಿ ಹತ್ತಿತು. ಯಾರನ್ನು ಕರೆಯಬೇಕು? ಹಾಳೆ ನೋಡಿದರೆ ಹಾವಿಗೆ ನಂಬರಿತ್ತು, ಭೇದಿಗೆ ಇರಲಿಲ್ಲ.

ನನ್ನ ವಾದದ ಬೇರು ಅಲ್ಲೇ ಇದೆ. ನೆರೆ ಬೇರೆ, ರೋಗ ಬೇರೆ ಎಂದು ಕಡತದಲ್ಲಿ ಬರೆದುಕೊಳ್ಳಬಹುದು. ನೀರಿಗೆ ಅದು ಗೊತ್ತಿಲ್ಲ. 2018ರಲ್ಲಿ ಕೇರಳದಲ್ಲಿ ನೆರೆ ಇಳಿದ ಮೇಲೆ ಇಲಿ ಜ್ವರ ಎದ್ದಿತು. ಕೆಸರಿಗೆ ಇಳಿಯುವವರಿಗೆಲ್ಲ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದರು. ಆ ಮಾತ್ರೆ ದೋಣಿಯ ಜೊತೆಗೇ ಹೊರಡಬೇಕಾದ ಸಾಮಾನು. ನಮ್ಮ ಪಟ್ಟಿಯಲ್ಲಿ ದೋಣಿ ಇರುತ್ತದೆ, ಮಾತ್ರೆ ಇರುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ವಿಪತ್ತು ನಿಧಿಯಿಂದ ಪರಿಹಾರ ಕೊಡಲು ಕೇಂದ್ರದ ಪಟ್ಟಿಯಲ್ಲಿ ಬರ, ಭೂಕಂಪ, ಆಲಿಕಲ್ಲು ಮಳೆಯ ಜೊತೆಗೆ ಕೀಟ ಬಾಧೆಗೂ ಜಾಗ ಇದೆ. ಬೆಳೆಗೆ ಹುಳ ಬಿದ್ದರೆ ವಿಪತ್ತು, ಊರಿಗೆ ಕಾಲರಾ ಬಿದ್ದರೆ ಅಲ್ಲ! ಕೋವಿಡ್‌ಗೂ ಅಲ್ಲಿ ಜಾಗ ಸಿಕ್ಕಿದ್ದು 2020ರ ಮಾರ್ಚ್ 14ರಂದು, ಅವಸರದ ಒಂದು ಆದೇಶದಲ್ಲಿ. ಅದೇ ತಿಂಗಳ ಕೊನೆಗೆ ನಮ್ಮೂರ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ, ರಾಜ್ಯವೇ ನಂಜನಗೂಡಿನ ಹೆಸರು ಹೇಳಿ ಹೆದರುವಂತಾಯಿತು. ಬಾಗಿಲಿಗೆ ಚೀಟಿ ಅಂಟಿಸಿಕೊಂಡು ಒಳಗೆ ಕೂತ ಮನೆಗಳಿಗೆ ಹಾಲು ಯಾರು ಕೊಡುವುದು, ಮುದುಕಿಯ ಬಿಪಿ ಮಾತ್ರೆ ಯಾರು ತರುವುದು, ಇಷ್ಟನ್ನು ತೀರ್ಮಾನಿಸುವುದಕ್ಕೇ ನಮ್ಮ ಬೀದಿಯಲ್ಲಿ ನಾಲ್ಕು ದಿನ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜೈವಿಕ ವಿಪತ್ತಿಗೆಂದೇ 2008ರಲ್ಲಿ ಮಾರ್ಗಸೂಚಿ ತಂದಿತ್ತು. ಹನ್ನೆರಡು ವರ್ಷ ಸಮಯವಿತ್ತು.

ಆಮ್ಲಜನಕದ ಕಥೆ ಹೇಳದೆ ಮುಗಿಸಲಾರೆ. 2021ರ ಮೇ 2ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಸಿಲಿಂಡರ್ ಸಾಲದೆ ಹೋಯಿತು, ಒಂದು ದಿನದೊಳಗೆ 24 ಸಾವು. ಸಿಲಿಂಡರ್ ಬರಬೇಕಿದ್ದುದು ಮೈಸೂರಿನಿಂದ. ಯಾರು ಕೇಳಲಿಲ್ಲ, ಯಾರು ಕೊಡಲಿಲ್ಲ ಎಂದು ಎರಡು ಜಿಲ್ಲೆಗಳ ನಡುವೆ ವಾದ ಎದ್ದು, ಹೈಕೋರ್ಟ್ ಸಮಿತಿ ನೇಮಿಸಬೇಕಾಯಿತು. ವೈದ್ಯರ ಜ್ಞಾನಕ್ಕೇನೂ ಅಲ್ಲಿ ಕೊರತೆ ಇರಲಿಲ್ಲ. ಲಾರಿ, ಚಾಲಕ, ಪ್ಲಾಂಟ್, ಯಾವ ಜಿಲ್ಲೆಗೆ ಎಷ್ಟು ಪಾಲು ಎನ್ನುವ ಲೆಕ್ಕದ ಕೊರತೆ ಅದು. ಇಂಥ ಲೆಕ್ಕ ಹಾಕಿಸಿ, ಆರೋಗ್ಯ, ಸಾರಿಗೆ, ಪೊಲೀಸ್, ಆಹಾರ ಇಲಾಖೆಗಳನ್ನು ಒಂದೇ ಮೇಜಿಗೆ ಕೂರಿಸುವ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ, ವಿಪತ್ತು ಪ್ರಾಧಿಕಾರದ ಅಧ್ಯಕ್ಷರಾಗಿ. ಆರೋಗ್ಯಾಧಿಕಾರಿ ಪತ್ರ ಬರೆಯಬಹುದು, ಅಷ್ಟೇ. ವಯನಾಡಿನಿಂದ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕು. ಕೇರಳದಲ್ಲಿ ನಿಪಾ ಎಂದಾಗಲೆಲ್ಲ ಅಲ್ಲಿ ತಪಾಸಣೆಗೆ ನಿಲ್ಲುವವರು ಯಾರು, ಜ್ವರ ಇದ್ದವರನ್ನು ಯಾವ ಆಂಬುಲೆನ್ಸ್‌ನಲ್ಲಿ ಎಲ್ಲಿಗೆ ಕಳಿಸುವುದು ಎಂಬುದನ್ನು ಅವತ್ತಿನ ದಿನ ಕೂತು ಬರೆಯುವುದೇ?

ವಿರೋಧ: ಲೋಟಕ್ಕೆ ಬೇಕಿದ್ದದ್ದು ಸೌಟು

ಮಂಡ್ಯ ಜಿಲ್ಲೆಯ ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಸೇವೆ ಮುಗಿಸಿದವನು ನಾನು. ಡ್ರಮ್ಮಿನ ಲೋಟದ ಮಾತು ಓದಿ ಹೊಟ್ಟೆ ಉರಿಯಿತು, ಸುಳ್ಳೇನಲ್ಲ. ಆದರೆ ಆ ಡ್ರಮ್ಮಿಗೆ ಬೇಕಿದ್ದದ್ದು ಉದ್ದ ಹಿಡಿಯ ಒಂದು ಸೌಟು, ಒಂದು ಚಿಟಿಕೆ ಬ್ಲೀಚಿಂಗ್ ಪುಡಿ. ಅದಕ್ಕೆ ವಿಪತ್ತು ಯೋಜನೆ ಯಾಕೆ?

ನೆರೆ ಬರುವುದು ಕಣ್ಣಿಗೆ ಕಾಣುತ್ತದೆ. ಕೆ.ಆರ್.ಎಸ್. 124.80 ಅಡಿ ಮುಟ್ಟುವ ಮೊದಲೇ ಶ್ರೀರಂಗಪಟ್ಟಣದ ನದಿ ದಂಡೆಗೆ ಎಚ್ಚರಿಕೆ ಹೋಗುತ್ತದೆ. ರೋಗಕ್ಕೆ ಅಂಥ ಗೇಜು ಇಲ್ಲ. ಇರುವ ಗೇಜು ಒಂದೇ, ಆಶಾ ಕಾರ್ಯಕರ್ತೆ. ‘ಈ ವಾರ ನಮ್ಮ ಬೀದೀಲಿ ಐದು ಜನಕ್ಕೆ ವಾಂತಿ ಭೇದಿ ಸಾರ್’ ಅಂತ ಆಕೆ ಹೇಳುತ್ತಾಳಲ್ಲ, ಅದು. ಆ ವರದಿ ಮೇಲಕ್ಕೆ ಕಳಿಸುವ ವ್ಯವಸ್ಥೆ 2004ರಿಂದಲೂ ಇದೆ. ಅದಕ್ಕೆ ಜನ, ಸಂಬಳ, ಪ್ರಯೋಗಾಲಯ ಕೊಡದೆ ಜಿಲ್ಲಾ ಕಚೇರಿಯ ಬೀರುವಿಗೆ ಇನ್ನೊಂದು ಅಧ್ಯಾಯ ಸೇರಿಸಿ ಏನು ಪ್ರಯೋಜನ?

2024ರ ಮೇ ತಿಂಗಳಲ್ಲಿ ಮೈಸೂರಿನ ಮಗ್ಗುಲಲ್ಲೇ, ಕೆ. ಸಾಲುಂಡಿಯಲ್ಲಿ, ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಊರಿಗೆ ಊರೇ ಮಲಗಿತು, ಒಬ್ಬ ಯುವಕ ತೀರಿಕೊಂಡ. ಅದನ್ನು ವಿಪತ್ತು ಎಂದು ಕರೆದರೆ ಅರ್ಧ ಕ್ಷಮಿಸಿದ ಹಾಗೆ. ವಿಪತ್ತು ಎಂದಾಕ್ಷಣ ನಮ್ಮ ಜನ ಆಕಾಶ ನೋಡುತ್ತಾರೆ, ಅಧಿಕಾರಿಗಳು ಪರಿಹಾರದ ಚೆಕ್ ಬರೆಯುತ್ತಾರೆ. ಪೈಪು ನೋಡುವವರಿಲ್ಲ.

ನೀರಿನ ಕೆಲಸ ಹೇಗೆ ಎಂದು ಎರಡು ಮಾತು ಹೇಳುತ್ತೇನೆ, ಇದನ್ನು ಯಾರೂ ಬರೆಯುವುದಿಲ್ಲ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿ ಮಾತ್ರ ಹಾಕಬೇಕು. ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ ಊರ ಕೊನೆಯ ನಲ್ಲಿಯ ನೀರನ್ನು ಗಾಜಿನ ಕೊಳವೆಗೆ ಹಿಡಿದು, ಕ್ಲೋರಿನ್ ಉಳಿದಿದೆಯೇ ಎಂದು ತೋರಿಸುವ ಓಟಿ ದ್ರಾವಣದ ಹನಿ ಬಿಟ್ಟರೆ ಹಳದಿ ಏರಬೇಕು. ಏರದಿದ್ದರೆ ನಡುವೆ ಎಲ್ಲೋ ಪೈಪು ಒಡೆದಿದೆ ಎಂದು ಅನುಮಾನ ಪಡಬೇಕು. ಚೀಲದ ಬಾಯಿ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ನೀರುಗಂಟಿ ದಿನಾ ಹಾಕುತ್ತಲೇ ಇರುತ್ತಾನೆ, ರೋಗ ಬರುತ್ತಲೇ ಇರುತ್ತದೆ. ಇದು ವರ್ಷದ 365 ದಿನದ ಕೆಲಸ. ವರ್ಷಕ್ಕೊಂದು ಅಣಕು ಪ್ರದರ್ಶನ ಮಾಡಿ ಫೋಟೊ ತೆಗೆಸಿಕೊಳ್ಳುವ ಬಾಬತ್ತಲ್ಲ.

ಅಧಿಕಾರದ ಮಾತು ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಜೈಲು ಎಂದಿದೆ. ರೋಗಿಯನ್ನು ಆ ಕಾಯ್ದೆಯ ಕೆಳಗೆ ತಂದರೆ ಮನೆಗೆ ಮೊದಲು ಬರುವವರು ಪೊಲೀಸರು. ಪೊಲೀಸರು ಬರುತ್ತಾರೆಂದರೆ ಜ್ವರ ಬಚ್ಚಿಡುತ್ತಾರೆ. ಇದು ಇವತ್ತಿನದಲ್ಲ, 1898ರಲ್ಲಿ ಪ್ಲೇಗ್ ಬಂದಾಗ ಸರ್ಕಾರದ ಕ್ರಮಗಳ ವಿರುದ್ಧ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದಿದ್ದರು. ಮೈಸೂರು ಚೇತರಿಸಿಕೊಂಡದ್ದು ಲಾಠಿಯಿಂದಲ್ಲ. 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಮಾಡಿ, ಇಕ್ಕಟ್ಟು ಬಿಡಿಸಿ, ಹೊಸ ಬಡಾವಣೆ ಹಾಕಿದರು. ಹಳೇ ಬಡಾವಣೆಗಳ ಮನೆ ಹಿಂದೆ ಕಸ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತಾರೆ, ಇರಲಿ.

ಕಾನೂನು ಬೇಕೆಂದರೆ ರೋಗಕ್ಕೇ ಬೇರೆ ಇದೆ. ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರದ್ದು. ಅದರಡಿ 2024ರ ಸೆಪ್ಟೆಂಬರ್‌ನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ಎಂದು ಘೋಷಿಸಿದರು. ರೋಗ ಕಂಡ ಜಾಗವನ್ನಷ್ಟೇ ಮುಚ್ಚಿಯೂ ನಿಭಾಯಿಸಬಹುದು: ಮೈಸೂರು ಮೃಗಾಲಯದಲ್ಲಿ ಹಕ್ಕಿ ಜ್ವರ ಕಂಡು 2017ರ ಜನವರಿಯಲ್ಲಿ ಒಂದು ತಿಂಗಳು ಬಾಗಿಲು ಹಾಕಿದ್ದರು. ಊರು ಬಂದ್ ಆಗಲಿಲ್ಲ.

ಆಮ್ಲಜನಕದ ವಿಚಾರಕ್ಕೆ ನನ್ನಲ್ಲಿ ಉತ್ತರ ಇಲ್ಲ, ಒಪ್ಪಿಕೊಳ್ಳುತ್ತೇನೆ. ಅಷ್ಟು ದೊಡ್ಡದು ಬಂದಾಗ ಜಿಲ್ಲಾಧಿಕಾರಿಯೇ ಬೇಕು. ಆದರೆ ಅಂಥದ್ದು ಶತಮಾನಕ್ಕೆ ಒಂದೆರಡು. ಉಳಿದ ವರ್ಷಗಳಲ್ಲಿ ನಮ್ಮನ್ನು ಕೊಲ್ಲುವುದು ಸಣ್ಣದ್ದು, ಅದಕ್ಕೆ ಮೀಟಿಂಗ್ ಕರೆಯುವವರಿಲ್ಲ.

ಈಗಲೂ ಊರಿಗೆ ಹೋದರೆ ಟ್ಯಾಂಕಿನ ಕೆಳಗಿನ ಕೋಣೆಗೆ ಹೋಗಿ ಇಣುಕುತ್ತೇನೆ, ಹಳೇ ಚಾಳಿ. ಹೋದ ತಿಂಗಳು ಬ್ಲೀಚಿಂಗ್ ಚೀಲದ ಬಾಯಿ ತೆರೆದೇ ಇತ್ತು. ದಾರ ಹುಡುಕಿ ಕಟ್ಟಿ ಬಂದೆ.