ಮೂರನೇ ನಂಬರಿಗೇ ಆ ಹುಡುಗ ಬೇಕಿತ್ತಾ?

ನನ್ನ ಅಕ್ಕನ ಮಗ ಮಾಂಟ್ರಿಯಲ್‌ನಲ್ಲಿದ್ದಾನೆ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಹಾಕಿ ಆಡಿ ಬೆಳೆದವನಿಗೆ ಈಗ ಐಸ್ ಹಾಕಿಯ ಹುಚ್ಚು. ಭಾನುವಾರ ಫೋನ್ ಮಾಡಿದರೆ ಅಕ್ಕನ ಜೊತೆ ಐದು ನಿಮಿಷ, ನನ್ನ ಜೊತೆ ಅರ್ಧ ಗಂಟೆ. ಮಾತು ಎಲ್ಲಿ ಶುರುವಾದರೂ ಕೊನೆಗೆ ಒಬ್ಬ ಹುಡುಗನ ಹತ್ತಿರ ಬಂದು ನಿಲ್ಲುತ್ತದೆ. ಫಿನ್ಲೆಂಡಿನ ಯೆಸ್ಪೆರಿ ಕೊಟ್ಕಾನಿಯೆಮಿ.

ಅಲ್ಲಿ ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಸರದಿ ಪ್ರಕಾರ ಎಳೆಯ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. 2018ರಲ್ಲಿ ಮಾಂಟ್ರಿಯಲ್‌ಗೆ ಮೂರನೇ ಸರದಿ ಸಿಕ್ಕಿತ್ತು. ತಂಡಕ್ಕೆ ಸೆಂಟರ್, ಅಂದರೆ ಮುಂದಿನ ಸಾಲಿನ ಮಧ್ಯೆ ಆಡುವವನು ಬೇಕಾಗಿತ್ತು, ಕೊಟ್ಕಾನಿಯೆಮಿಯನ್ನು ತೆಗೆದುಕೊಂಡರು. ಅವನಿಗೆ ಆಗಿನ್ನೂ ಹದಿನೆಂಟು ತುಂಬಿರಲಿಲ್ಲ. ನಾಲ್ಕನೇ ಸರದಿಯಲ್ಲಿ ಒಟ್ಟಾವಾ ತಂಡ ಬ್ರೇಡಿ ಟ್ಕಾಚಕ್‌ನನ್ನು ಆರಿಸಿತು. ಮುಂದೆ ಅವನು ಆ ತಂಡದ ಕ್ಯಾಪ್ಟನ್ ಆದ. ಏಳನೆಯವನಾಗಿ ವ್ಯಾಂಕೂವರ್‌ಗೆ ಹೋದ ಕ್ವಿನ್ ಹ್ಯೂಸ್ 2024ರಲ್ಲಿ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಗೆದ್ದ. 'ಮಾಮಾ, ನಮ್ಮವರು ಅವಸರ ಮಾಡಿದ್ರು' ಅಂತ ಇವನು ಇವತ್ತಿಗೂ ಹೊಟ್ಟೆ ಉರಿಸಿಕೊಳ್ಳುತ್ತಾನೆ.

ನಾನು ಒಪ್ಪುವುದಿಲ್ಲ. ಅವಸರ ಆಗಿದ್ದು ನಿಜ, ಆದರೆ ಆರಿಸಿದ ದಿನ ಅಲ್ಲ. ಅದೇ ಅಕ್ಟೋಬರ್‌ನಲ್ಲಿ ಅವನನ್ನು ದೊಡ್ಡವರ ಮಧ್ಯೆ ಇಳಿಸಿದರಲ್ಲ, ಆ ದಿನ. ಮೊದಲ ವರ್ಷ 79 ಪಂದ್ಯ ಆಡಿಸಿದರು. 11 ಗೋಲು, ಬೇರೆಯವರ ಗೋಲಿಗೆ ಕೊಟ್ಟ ನೆರವೂ ಸೇರಿ 34 ಪಾಯಿಂಟ್. ಊರೆಲ್ಲ ಹೊಗಳಿತು. ಎರಡನೇ ವರ್ಷ 36 ಪಂದ್ಯಕ್ಕೆ ಬರೀ 8 ಪಾಯಿಂಟ್, ಆಮೇಲೆ ಕೆಳಗಿನ ಲೀಗ್‌ಗೆ ಕಳಿಸಿದರು. 2021ರಲ್ಲಿ ಕ್ಯಾರೊಲೈನಾ ತಂಡ ಒಂದು ವರ್ಷಕ್ಕೆ 61 ಲಕ್ಷ ಡಾಲರ್ ಕೊಡುತ್ತೇವೆ ಅಂದಾಗ ಮಾಂಟ್ರಿಯಲ್ ಅವನನ್ನು ಬಿಟ್ಟುಕೊಟ್ಟಿತು.

ಡೆಟ್ರಾಯಿಟ್ ತಂಡ ಏನು ಮಾಡಿತ್ತು ನೋಡಿ. ಪಾವೆಲ್ ದಾತ್ಸುಕ್‌ನನ್ನು 1998ರಲ್ಲಿ 171ನೇ ನಂಬರಿಗೆ ತೆಗೆದುಕೊಂಡರು. ಅವನು ಅಲ್ಲಿ ಆಡಿದ್ದು 2001ರಲ್ಲಿ. ಅಲ್ಲಿಯವರೆಗೆ ರಷ್ಯಾದಲ್ಲೇ ಆಡಿಕೊಂಡು ಬಲಿಯಲಿ ಅಂತ ಬಿಟ್ಟರು. ಅದೇ ತಂಡ ಆರಿಸಿದ ಸ್ವೀಡನ್ನಿನ ಹೆನ್ರಿಕ್ ಜೆಟರ್‌ಬರ್ಗ್ 1999ರಲ್ಲಿ 210ನೆಯವನು, ಬಂದಿದ್ದು 2002ರಲ್ಲಿ. ಇಬ್ಬರೂ ಎಂಥಾ ಆಟಗಾರರಾದರು!

'ಅವರು ಕೊನೆಯ ಸರದಿಯವರು ಮಾಮಾ. ಮೂರನೇ ನಂಬರಿನವನಿಗಾಗಿ ಜನ ಮೂರು ವರ್ಷ ಕಾಯ್ತಾರಾ?' ಅಂದ ಅಳಿಯ. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೊದಮೊದಲು ಆರಿಸಿದಷ್ಟೂ ಹುಡುಗನ ಹೆಗಲ ಮೇಲೆ ಭಾರ ಜಾಸ್ತಿ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಬೆಳಿಗ್ಗೆ ನಾನು ಹುಡುಗರಿಗೆ ಹಾಕಿ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬನಿಗೆ ಹನ್ನೆರಡು ವರ್ಷ. ಚೆಂಡು ಬರುವ ಮೊದಲೇ ಹೆಗಲ ಹಿಂದೆ ಒಂದು ಸಲ ನೋಡಿಕೊಳ್ಳುತ್ತಾನೆ. ಅದನ್ನು ಯಾರೂ ಅವನಿಗೆ ಕಲಿಸಿಲ್ಲ. ಅಣ್ಣನ ಸ್ಟಿಕ್ಕಿನಲ್ಲೇ ಆಡುತ್ತಾನೆ. ಅದು ಮೂವತ್ತಾರೂವರೆ ಇಂಚು. ಉದ್ದ ಆಗುತ್ತೆ ಅಂತ ಒಂದು ಗೇಣು ಕೆಳಗೆ ಹಿಡಿಯುತ್ತಾನೆ. ಬಗ್ಗಿ ಓಡುವಾಗ ಅದರ ತುದಿ ಹೊಟ್ಟೆಗೆ ಬಡಿಯುತ್ತದೆ. ಅಂಗಿ ಎತ್ತಿಸಿ ನೋಡಿದೆ, ಹೊಕ್ಕಳ ಪಕ್ಕ ನೀಲಿಗಟ್ಟಿತ್ತು.

ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಈ ವರ್ಷ ಅವನ ಹೆಸರು ಕೊಡುವುದಿಲ್ಲ ಅಂತ ನಾನು ತೀರ್ಮಾನ ಮಾಡಿದ್ದೆ. ಹಿಂದೆ ಹದಿಮೂರರ ಒಬ್ಬನನ್ನು ಒಂದು ಹಾಸ್ಟೆಲ್‌ಗೆ ಕಳಿಸಿದ್ದೆ. ಆಟ ಚೆನ್ನಾಗಿದೆ ಅಂತ ಹದಿನೇಳರವರ ಜೊತೆ ಇಳಿಸಿದರು. ಎರಡೇ ವರ್ಷದಲ್ಲಿ ಮೊಣಕಾಲು ಹಿಡಿದುಕೊಂಡು ಬಂದ. ಆಮೇಲೆ ಸ್ಟಿಕ್ ಮುಟ್ಟಲಿಲ್ಲ. ಅವನ ಮನೆ ಮುಂದೆ ಹೋಗುವಾಗ ನನಗೆ ಈಗಲೂ ಕಾಲು ಭಾರ ಆಗುತ್ತದೆ.

ನಮ್ಮ ಬೆಳಗಾವಿ ಬಂಡು ಪಾಟೀಲರ ಊರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿ ಇದ್ದವರು ಅವರು. ಮೈದಾನಕ್ಕೆ ಬರುವ ಅಪ್ಪಂದಿರೆಲ್ಲ ಅವರ ಹೆಸರು ಹೇಳುತ್ತಾರೆ. ಈ ಹುಡುಗನ ತಾಯಿ ಮಾತ್ರ ಯಾರ ಹೆಸರೂ ಹೇಳಲಿಲ್ಲ. ಬುತ್ತಿ ಚೀಲ ಹಿಡಿದುಕೊಂಡೇ ಬಂದು ಕೇಳಿದರು: 'ಮುಂದಿನ ವರ್ಷ ಇವನ ಪಾಳಿ ಬರತೈತಿ ಅಂತ ಗ್ಯಾರಂಟಿ ಐತೇನ್ರಿ ಸರ? ಅಲ್ಲಿ ಹೋದ್ರ ಹಾಲು, ತತ್ತಿ, ಸಾಲಿ ಎಲ್ಲಾ ಆಗತೈತ್ರಿ.'

ರಾತ್ರಿ ನಿದ್ದೆ ಬರಲಿಲ್ಲ. ಅಳಿಯನ ಜೊತೆ ವಾದ ಮಾಡುವಾಗ ಬೇಗ ಆರಿಸಿದರೆ ತಪ್ಪೇನಿಲ್ಲ ಅನ್ನುತ್ತಿದ್ದೆ. ನನ್ನ ಹುಡುಗನ ಸರದಿ ಬಂದಾಗ ಆರಿಸುವುದನ್ನೇ ತಡೆಯಲು ಹೊರಟಿದ್ದೆ. ಹಾಗಂತ ಆ ತಾಯಿಯ ಮನೆಯ ಕಷ್ಟ ಮಾಂಟ್ರಿಯಲ್‌ಗೆ ಇರಲಿಲ್ಲವಲ್ಲ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಾನು ನ್ಯಾಯ ಹೇಳುತ್ತಿದ್ದೆ.

ಹೆಸರು ಕೊಟ್ಟಿದ್ದೇನೆ. ಆಯ್ಕೆಯಾದರೆ ಅವನನ್ನು ಬಿಡಲು ನಾನೇ ಹೋಗುತ್ತೇನೆ. ಹದಿನಾಲ್ಕು ತುಂಬುವವರೆಗೆ ಓರಗೆಯವರ ಜೊತೆಗೇ ಆಡಿಸಿ ಅಂತ ಅಲ್ಲಿನ ಕೋಚ್ ಎದುರು ಕೂತು ಕೇಳುತ್ತೇನೆ. ತಿಂಗಳಿಗೊಮ್ಮೆ ಹೋಗಿ ನೋಡಿಯೂ ಬರುತ್ತೇನೆ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ನಿನ್ನೆ ಮೂವತ್ನಾಲ್ಕು ಇಂಚಿನ ಸ್ಟಿಕ್ ತಂದುಕೊಟ್ಟೆ. ಅರ್ಧ ಗಂಟೆ ಬಗ್ಗಿ ಬಗ್ಗಿ ಓಡಿದ. ಒಂದು ಸಲವೂ ಹೊಟ್ಟೆಗೆ ಬಡಿಯಲಿಲ್ಲ.