ಹೊಂಗೆ ಬುಡಕ್ಕೆ ಆಸಿಡ್ ಸುರಿಯೋಣ ಅಂದವರಿಗೆ

ಮೊನ್ನೆ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಕೇಳಿದ್ರು: "ಮನೆ ಮುಂದಿನ ಹೊಂಗೆ ಬೇರು ಯುಜಿಡಿ (ಒಳಚರಂಡಿ) ಪೈಪಿಗೆ ನುಗ್ಗಿದೆ, ಬುಡಕ್ಕೆ ಆಸಿಡ್ ಸುರಿದ್ರೆ ಒಣಗುತ್ತಾ?" ಕೆಳಗೆ ಹನ್ನೊಂದು ಹೆಬ್ಬೆಟ್ಟು! ಅಲ್ಲಿ ಉತ್ತರ ಕೊಟ್ರೆ ಜಗಳ ಆಗುತ್ತೆ ಅಂತ ಇಲ್ಲಿ ಬರೀತಿದ್ದೀನಿ.

ಅವರ ಸಂಕಟ ನನಗೂ ಗೊತ್ತು. ಹೋದ ವರ್ಷ ಏಪ್ರಿಲ್‌ನಲ್ಲಿ, ಮನೆ ತುಂಬ ನೆಂಟರಿರುವಾಗಲೇ, ಫ್ಲಶ್ ಮಾಡಿದರೆ ಬಚ್ಚಲ ಜಾಲರಿಯಿಂದ ಗುಳುಗುಳು ಅಂತ ನೀರು ಮೇಲೇಳೋಕೆ ಶುರುವಾಯ್ತು. ಅಮ್ಮ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಗದರಿದ್ರು. ಪ್ಲಂಬರ್ ಬಂದು ಚೇಂಬರಿನಿಂದ ಬಿದಿರು ದಬ್ಬೆ ಬಿಟ್ಟ. ಹದಿನೈದಡಿ ಹೋಗಿ ಮೆತ್ತಗೆ ತಡೀತು. "ಇದು ಕಲ್ಲಲ್ಲ ಸಾರ್, ಬೇರು." ಕೊಕ್ಕೆ ಹಾಕಿ ಎಳೆದ್ರೆ ಆರಡಿ ಉದ್ದದ ಜಡೆ! ಮೇಲೆ ಕಪ್ಪು ಜಿಡ್ಡು, ತೊಳೆದರೆ ಒಳಗೆ ಕೆಂಚು ಬಣ್ಣದ ಎಳೆ ಎಳೆ ಬೇರು, ನಮ್ಮನೆ ಕೂದಲು, ಒಂದು ಶಾಂಪೂ ಸ್ಯಾಶೆ. ಜಾಯಿಂಟಿನ ಬಿರುಕಲ್ಲಿ ನುಸುಳಿದ ಕಡೆ ಮಾತ್ರ ಆ ಬೇರು ಲಾಡಿ ಥರ ಚಪ್ಪಟೆಯಾಗಿತ್ತು.

ಆ ಬಿರುಕೇ ಎಲ್ಲದಕ್ಕೂ ಮೂಲ. ಗಟ್ಟಿ ಪೈಪನ್ನು ಬೇರು ಕೊರೆಯಲ್ಲ. ನಮ್ಮದು ಹಳೇ ಸ್ಟೋನ್‌ವೇರ್ ಪೈಪು, ಅಂದ್ರೆ ಸುಟ್ಟ ಜೇಡಿಮಣ್ಣಿನದು, ಎರಡೆರಡು ಅಡಿಗೆ ಒಂದೊಂದು ಸಿಮೆಂಟ್ ಜಾಯಿಂಟು. ಮಣ್ಣು ಕುಸಿದ ಹಾಗೆ ಸಿಮೆಂಟು ಬಿಡುತ್ತೆ, ನೀರು ಜಿನುಗುತ್ತೆ. ಬೇಸಿಗೇಲಿ ಸುತ್ತಲ ಮಣ್ಣೆಲ್ಲ ಒಣಗಿ ನಿಂತಾಗ ನೀರೂ ಗೊಬ್ಬರವೂ ಒಟ್ಟಿಗೆ ಸಿಗುವ ಜಾಗ ಬಿಟ್ಟು ಮರ ಇನ್ನೆಲ್ಲಿಗೆ ಹೋಗಬೇಕು? 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದ್ರಲ್ಲ, ನಮ್ಮ ಮನೆ ಎದ್ದಿದ್ದೂ ಆ ಹೊತ್ತಿಗೇ. ಮರಕ್ಕೂ ಪೈಪಿಗೂ ಒಂದೇ ವಯಸ್ಸು, ಮರ ಬಲಿತಿದೆ, ಪೈಪು ಸವೆದಿದೆ.

ಆಸಿಡ್ ವಿಷಯಕ್ಕೆ ಬರೋಣ. ಪೈಪಿನೊಳಗೆ ಸುರಿದರೆ ಉಳಿದಿರೋ ಸಿಮೆಂಟನ್ನೂ ತಿನ್ನುತ್ತೆ, ಹೊರಗಿನ ಬೇರು ಹಾಗೇ ಇರುತ್ತೆ. ಬುಡಕ್ಕೆ ಸುರಿದರೆ ಮರ ಸಾಯಬಹುದು, ಆದರೆ ಜಾಯಿಂಟು ಸೋರುತ್ತಲೇ ಇರುತ್ತೆ, ಪಕ್ಕದ ಮನೆಯ ಮರ ಬರುತ್ತೆ. ಬೇರು ಕೊಳೆತ ಮರ ಮೇ ತಿಂಗಳ ಗಾಳಿಮಳೆಗೆ ಯಾರ ಕಾರಿನ ಮೇಲೆ ಬೀಳುತ್ತೋ! 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೇ ವೃಕ್ಷಾಧಿಕಾರಿಯ ಅನುಮತಿ ಬೇಕು, ಕದ್ದು ಸಾಯಿಸೋದಂತೂ ಬಿಡಿ. (ಮಲೆನಾಡಿನ ನಮ್ಮ ಮಾವ, "ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಹಾಕೋ ಮೈಲುತುತ್ತ ಸುರಿ" ಅಂದ್ರು. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಆ ತಾಮ್ರ ಕೊನೆಗೆ ಯಾವ ಕೆರೆ ಸೇರುತ್ತೆ ಮಾವ?)

ರಭಸದ ನೀರು ಚಿಮ್ಮಿಸುವ ಜೆಟ್ಟಿಂಗ್ ಮಷಿನ್ ಬೇರು ಕತ್ತರಿಸುತ್ತೆ, ಆದರೆ ಅದು ಮತ್ತೆ ಚಿಗುರುತ್ತೆ. ಹಾಗಾಗಿ ನಾನು ಕಾಂಪೌಂಡ್ ಒಳಗಿನದ್ದನ್ನೆಲ್ಲ ಕಿತ್ತು 110 ಎಂಎಂ ಪಿವಿಸಿ ಹಾಕಿಸಿದೆ. ಉದ್ದ ಪೈಪು, ಜಾಯಿಂಟು ಒಂದೇ ಒಂದು. ಮರ ಹಾಗೇ ಇದೆ.

ಸಿಟ್ಟು ಬರೋದು ಬೇರೆ ವಿಷಯಕ್ಕೆ. ಮರ ಸರ್ಕಾರದ್ದು, ರಸ್ತೆ ಸರ್ಕಾರದ್ದು, ಬಿಲ್ಲು ಮಾತ್ರ ನಮ್ಮದು. ರಸ್ತೆ ಕೆಳಗಿನ ತುಂಡು ಇನ್ನೂ ಹಳೇದೇ. ಅದಕ್ಕೆ ಒಂದು ಕಚೇರಿ ಇನ್ನೊಂದಕ್ಕೆ ಕಳಿಸ್ತು, ಅದು ವಾಪಸ್ ಮೊದಲನೇದಕ್ಕೇ ಕಳಿಸ್ತು. ಇಷ್ಟರ ಮಧ್ಯೆ ಫುಟ್‌ಪಾತ್ ಪೂರ್ತಿ ಅಗೆದು ಹೊಸ ಕಲ್ಲು ಕೂರಿಸಿದ್ರು. ಆಗಲೇ ಎಲ್ಲ ಮನೆಗಳ ಹಳೇ ಪೈಪನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಇವತ್ತು ಯಾರೂ ಆಸಿಡ್ ಬಾಟಲಿ ಹುಡುಕ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಚೇಂಬರ್ ಮುಚ್ಚಳ ತೆಗೆದು ನೋಡ್ತೀನಿ. ಹೋದ ವಾರ ರಸ್ತೆ ಕಡೆಯ ಬಾಯಲ್ಲಿ ಎರಡು ಬಿಳಿ ಎಳೆ ಕಂಡವು.