ಡ್ರಿಲ್ ಹಿಡಿಯುವ ಮೊದಲು ಅಳತೆ ತಗೊಳ್ಳಿ ಮಾರಾಯ್ರೇ!

ಮುಂಬಯಿಯಲ್ಲಿ ಗಿಟಾರ್ ಬಿಡಿಭಾಗ ಮಾರುವವರ ಮೇಲೆ, ಅದನ್ನು ಕೂರಿಸಿಕೊಡುವ ಮಿಸ್ತ್ರಿಗಳ ಮೇಲೆ ಇರುವ ಸಿಟ್ಟನ್ನು ಇವತ್ತು ಹೊರಗೆ ಹಾಕಲೇಬೇಕು. ಡೊಂಬಿವ್ಲಿಯಿಂದ ಮೀರಾ ರೋಡ್ ತನಕ ನಮ್ಮ ಹುಡುಗರು ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಹಿಡಿದು ನಿಲ್ಲುವ ಎಲೆಕ್ಟ್ರಿಕ್ ಗಿಟಾರುಗಳು ಹೆಚ್ಚಾಗಿ ಇಂಡೋನೇಷ್ಯಾ ಇಲ್ಲವೇ ಚೀನಾದಲ್ಲಿ ತಯಾರಾದವು. ಮರ ಚೆನ್ನಾಗಿರುತ್ತದೆ, ನೆಕ್ ಚೆನ್ನಾಗಿರುತ್ತದೆ, ಒಳಗಿನ ಎಲೆಕ್ಟ್ರಾನಿಕ್ಸ್ ಮಾತ್ರ ಅಗ್ಗದ್ದು. ಇಲ್ಲಿನ ಮಳೆಗಾಲದ ತೇವಕ್ಕೆ ವಾಲ್ಯೂಮ್ ಪಾಟ್ (ನಾಬಿನ ಕೆಳಗೆ ಸದ್ದು ಏರಿಳಿಸುವ ಪೊಟೆನ್ಶಿಯೋಮೀಟರ್) ಕರಕರ ಅನ್ನುತ್ತದೆ, ತಂತಿಯ ಕಂಪನ ಹಿಡಿಯುವ ಪಿಕಪ್ಪುಗಳನ್ನು ಬದಲಿಸುವ ಸ್ವಿಚ್ಚಿನ ಒಂದು ಸ್ಥಾನದಲ್ಲಿ ಸದ್ದೇ ಬರುವುದಿಲ್ಲ, ಕೇಬಲ್ ಚುಚ್ಚುವ ಜ್ಯಾಕ್ ಸಡಿಲವಾಗುತ್ತದೆ. ಸರಿ, ಅಪ್‌ಗ್ರೇಡ್ ಮಾಡಿಸೋಣ ಅಂತ ಹೊರಡುತ್ತಾರೆ. ಅನ್ಯಾಯ ಶುರುವಾಗುವುದೇ ಅಲ್ಲಿಂದ.

ಅಂಗಡಿಯಲ್ಲಿ "ಇದು ನನ್ನ ಗಿಟಾರಿಗೆ ಕೂರುತ್ತದಾ?" ಅಂತ ಕೇಳಿ ನೋಡಿ. "ಹೋ ಜಾಯೇಗಾ" ಅನ್ನುತ್ತಾರೆ. ಎಷ್ಟು ಮಿಲಿಮೀಟರ್ ಅಂತ ಯಾರೂ ಹೇಳುವುದಿಲ್ಲ. ಅಮೆರಿಕನ್ ಅಳತೆಯ ಸಿಟಿಎಸ್ ಕಂಪನಿಯ ಪಾಟಿನಲ್ಲಿ ತೂತಿಗೆ ಕೂರುವ ಕುತ್ತಿಗೆ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ಅಗ್ಗದ ಇಂಪೋರ್ಟ್ ಗಿಟಾರಿನಲ್ಲಿ ಇರುವುದು 16 ಮಿ.ಮೀ. ಅಗಲದ ಮಿನಿ ಪಾಟ್, ಅದರ ತೂತು 7 ಅಥವಾ 8 ಮಿ.ಮೀ. ದೊಡ್ಡ ಪಾಟ್ ಅದರಲ್ಲಿ ಹೋಗುವುದೇ ಇಲ್ಲ. ಆಗ ಮಿಸ್ತ್ರಿ ಗೋಡೆಗೆ ತೂತು ಹೊಡೆಯುವ ಡ್ರಿಲ್ ತೆಗೆದು ನೇರ ಬಾಡಿಗೆ ಇಡುತ್ತಾನೆ. ಬಿಟ್ ಕಚ್ಚಿಕೊಂಡು ಎಳೆಯುತ್ತದೆ, ತೂತಿನ ಸುತ್ತ ಪಾಲಿಶ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 1.5 ಮಿ.ಮೀ. ದೊಡ್ಡದು ಮಾಡಲು ಡ್ರಿಲ್ಲೇ ಬೇಡ. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಕೈಯಲ್ಲಿ ತಿರುಗಿಸುವ ಮೊನಚು ರೀಮರಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು, ನಡುನಡುವೆ ಪಾಟ್ ಇಟ್ಟು ನೋಡಿದರೆ ಹತ್ತು ನಿಮಿಷದ ಕೆಲಸ.

ನಿಜ ಹೇಳಬೇಕೆಂದರೆ ಆ ಕೆಲಸವೂ ಬೇಡ. ಆಲ್ಫಾ ಕಂಪನಿಯದ್ದೋ ಬೋರ್ನ್ಸ್ ಕಂಪನಿಯದ್ದೋ ಒಳ್ಳೆಯ ಮಿನಿ ಪಾಟ್ ಹಳೇ ತೂತಿಗೇ ಕೂರುತ್ತದೆ. 500ಕೆ (500 ಕಿಲೋಓಮ್, ಪಾಟಿನ ಪ್ರತಿರೋಧ) ಅಂದರೆ 500ಕೆ, ಡಬ್ಬಿ ದೊಡ್ಡದಾದ ಮಾತ್ರಕ್ಕೆ ಸ್ವರ ದೊಡ್ಡದಾಗುವುದಿಲ್ಲ. ಆದರೆ ಅದನ್ನು ಹೇಳಿಬಿಟ್ಟರೆ ದುಬಾರಿ ಸೆಟ್ ಖರ್ಚಾಗುವುದು ಹೇಗೆ! ಇನ್ನು ಎಲ್ಲಾ ಇಂಪೋರ್ಟೂ ಮಿನಿ ಪಾಟಿನದ್ದೇ ಅಲ್ಲ. 2020ರಲ್ಲಿ ಬಂದ ಹೊಸ ಸಾಲಿನ ಎಪಿಫೋನ್ ಲೆಸ್ ಪಾಲ್‌ಗಳಲ್ಲಿ ಸಿಟಿಎಸ್ ಪಾಟೇ ಇದೆ. ಅಂಥದ್ದನ್ನೂ "ಚೈನಾ ಮಾಲ್" ಅಂತ ಬಿಚ್ಚಿಸಿ, ಅದೇ ಪಾಟನ್ನು ಹೊಸದಾಗಿ ಮಾರುತ್ತಾರೆ. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದು ಒಳಗೆ ಏನಿದೆ ಅಂತ ನೋಡುವಷ್ಟು ತಾಳ್ಮೆ ಯಾಕಿಲ್ಲ?

ನಾಬ್ ಕಥೆಯೂ ಇದೇ. ಹಲ್ಲಿರುವ ಶಾಫ್ಟಿನಲ್ಲಿ ಇಂಚಿನ ಪಾಟಿಗೆ 24 ಹಲ್ಲು, ಮೆಟ್ರಿಕ್ ಪಾಟಿಗೆ 18. ಹಳೇ ನಾಬನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ, ಅದರ ಏಟು ಪಾಟಿನ ಒಳಗಿನ ಪಟ್ಟಿಗೂ ಬೀಳುತ್ತದೆ. ಐದು ಸ್ಥಾನದ ಸ್ವಿಚ್ಚಂತೂ ಕೇಳಲೇಬೇಡಿ. ಅಗ್ಗದ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕ್ಯಾಸ್ಟರ್) ಮಾದರಿಗಳಲ್ಲಿ ಮುಚ್ಚಿದ ಪೆಟ್ಟಿಗೆಯಂಥ ಸ್ವಿಚ್, ವೈರ್ ಬೆಸೆಯುವ ಎಂಟು ಕಾಲು ಒಂದೇ ಸಾಲಿನಲ್ಲಿ. ಅಮೆರಿಕನ್ ಸ್ವಿಚ್ ತೆರೆದದ್ದು, ಎರಡು ಬದಿಗೆ ನಾಲ್ಕು ನಾಲ್ಕು ಕಾಲು, ಆಳವೂ ಜಾಸ್ತಿ. ಬಾಡಿಯ ಗುಂಡಿ ಆಳ ಸಾಲದಿದ್ದರೆ ಸ್ವಿಚ್ ತಳಕ್ಕೆ ತಾಗಿ ಮೇಲಿನ ಪ್ಲಾಸ್ಟಿಕ್ ಹಾಳೆ, ಅಂದರೆ ಪಿಕ್‌ಗಾರ್ಡ್ ಉಬ್ಬುತ್ತದೆ. ಉಬ್ಬಿದ್ದನ್ನು ಸ್ಕ್ರೂ ಬಿಗಿದು ಒತ್ತಿ ಕೂರಿಸುವವರಿದ್ದಾರೆ, ಕಣ್ಣಾರೆ ನೋಡಬಹುದು.

ಪಾಟ್ ಕೊಳ್ಳುವಾಗ ಇನ್ನೊಂದು ಮೋಸ. ವಾಲ್ಯೂಮಿಗೆ ಎ500ಕೆ ಕೇಳಿದರೆ ಬಿ500ಕೆ ಕೈಗಿಡುತ್ತಾರೆ, "ಸೇಮ್ ಹೈ" ಅನ್ನುತ್ತಾರೆ. ಸೇಮ್ ಅಲ್ಲ! ಎ ಅಂದರೆ ಕಿವಿಗೆ ಹೊಂದುವ ಆಡಿಯೋ ಟೇಪರ್, ಬಿ ಅಂದರೆ ಲೀನಿಯರ್. ಬಿ ಹಾಕಿದರೆ 10ರಿಂದ 3ರ ತನಕ ತಿರುಗಿಸಿದರೂ ಹೆಚ್ಚೇನೂ ಇಳಿದಂತೆ ಅನ್ನಿಸುವುದಿಲ್ಲ, ಆಮೇಲೆ ದಢಕ್ಕನೆ ಸದ್ದು ಮಾಯ. ಪತ್ತೆ ಹಚ್ಚುವುದು ಸುಲಭ. ಪಾಟನ್ನು ಸರಿ ಅರ್ಧಕ್ಕೆ ತಿರುಗಿಸಿ, ನಡುವಿನ ಕಾಲಿನಿಂದ ಎರಡೂ ಪಕ್ಕದ ಕಾಲುಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಎರಡೂ ಕಡೆ ಹತ್ತಿರ ಹತ್ತಿರ 250ಕೆ ಬಂದರೆ ಅದು ಬಿ. ಒಂದು ಕಡೆ ಒಟ್ಟಿನ ಹತ್ತು ಹದಿನೈದು ಪರ್ಸೆಂಟ್, ಇನ್ನೊಂದು ಕಡೆ ಉಳಿದದ್ದು ಬಂದರೆ ಎ. ಹಾಗೆಯೇ ಒಟ್ಟು ಎಷ್ಟಿದೆ ಅಂತಲೂ ಅಳೆಯಿರಿ. ಹೆಚ್ಚು ಕಡಿಮೆ 20 ಪರ್ಸೆಂಟ್ ವ್ಯತ್ಯಾಸ ಸಾಮಾನ್ಯ, 500 ಅಂತ ಬರೆದದ್ದು 400 ಇರಬಹುದು. ಎರಡು ಕಾಯಿಲಿನ ಹಂಬಕರ್ ಪಿಕಪ್ಪಿಗೆ 500ಕೆ, ಒಂದೇ ಕಾಯಿಲಿನ ಸಿಂಗಲ್ ಕಾಯಿಲಿಗೆ 250ಕೆ. ಟೋನ್ ಪಾಟಿನ ಕೆಪಾಸಿಟರ್ ಹಂಬಕರಿಗೆ 0.022 ಮೈಕ್ರೋಫ್ಯಾರಡ್, ಮೈಮೇಲೆ 223 ಅಂತ ಇರುತ್ತದೆ. ಸಿಂಗಲ್ ಕಾಯಿಲಿಗೆ ಸಾಮಾನ್ಯವಾಗಿ 0.047, ಅಂದರೆ 473. ಎಲೆಕ್ಟ್ರಾನಿಕ್ಸ್ ಬಜಾರಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಅದನ್ನು ಎಣ್ಣೆಯದ್ದು, ವಿಂಟೇಜ್ ಅಂತ ನೂರಾರು ರೂಪಾಯಿಗೆ ಮಾರುವವರಿಗೆ ಏನೆನ್ನಬೇಕೋ ತಿಳಿಯದು.

ಈಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವ ವಿಷಯ, ಪಿಕಪ್ಪಿನ ವೈರ್ ಬಣ್ಣ. ಸೇಮೋರ್ ಡಂಕನ್ ಕಂಪನಿಯ ಹಂಬಕರಿನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಬರುವ ವೈರ್), ಕೆಂಪು ಬಿಳಿ ಎರಡನ್ನೂ ಸೇರಿಸಿ ಮುಚ್ಚಬೇಕು, ಹಸಿರು ಮತ್ತು ಬರಿ ವೈರ್ ಗ್ರೌಂಡಿಗೆ. ಡಿಮಾರ್ಜಿಯೋ ಕಂಪನಿಯದ್ದರಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಸೇರಿಸಬೇಕು, ಹಸಿರು ಮತ್ತು ಬರಿ ವೈರ್ ಗ್ರೌಂಡಿಗೆ. ಇಷ್ಟೇ ವ್ಯತ್ಯಾಸ. ಡಂಕನ್ನನ್ನು ಡಿಮಾರ್ಜಿಯೋ ಲೆಕ್ಕದಲ್ಲಿ ಬೆಸೆದರೆ ಒಂದು ಕಾಯಿಲ್ ಶಾರ್ಟ್ ಆಗಿ ಸತ್ತೇ ಹೋಗುತ್ತದೆ. ಸದ್ದು ತೆಳ್ಳಗೆ, ಜೊತೆಗೆ ಗುಂಯ್ ಅನ್ನುವ ಹಮ್. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಆ ತುದಿಯಲ್ಲಿ ಮೀಟರ್ ಇಟ್ಟರೆ 8ಕೆ ತೋರಿಸಬೇಕಾದ ಪಿಕಪ್ 4ಕೆ ತೋರಿಸುತ್ತದೆ, ಕಳ್ಳ ಸಿಕ್ಕಿಬಿದ್ದ. ಡಿಮಾರ್ಜಿಯೋವನ್ನು ಡಂಕನ್ ಲೆಕ್ಕದಲ್ಲಿ ಬೆಸೆದರೆ ಇನ್ನೂ ಕೆಟ್ಟದ್ದು. ಮೀಟರಿನಲ್ಲಿ ಎಲ್ಲವೂ ಸರಿ ಕಾಣುತ್ತದೆ, ಆದರೆ ಎರಡು ಕಾಯಿಲ್ ಒಂದಕ್ಕೊಂದು ಎದುರಾಗಿ ತಂತಿಯ ಸದ್ದನ್ನೇ ನುಂಗುತ್ತವೆ, ಹಮ್ ಮಾತ್ರ ದುಪ್ಪಟ್ಟು. ಗಿರಾಕಿ ವಾಪಸ್ ಹೋದರೆ ಏನು ಹೇಳುತ್ತಾರೆ? "ನಿಮ್ಮ ಗಿಟಾರಿನ ಮರ ಸರಿಯಿಲ್ಲ, ಬೇರೆ ಪಿಕಪ್ ಹಾಕಿಸಿ." ಸಾವಿರಾರು ರೂಪಾಯಿ ಸುರಿದ ಹುಡುಗ ನಂಬುತ್ತಾನೆ ಪಾಪ. ಡಬ್ಬಿಯೊಳಗಿನ ಚೀಟಿ ಓದುವಷ್ಟು ಹೊತ್ತು ಸಾಕಿತ್ತು.

ಬೆಸುಗೆ ಬಗ್ಗೆಯೂ ಹೇಳಿಬಿಡುತ್ತೇನೆ. ಗ್ರೌಂಡ್ ವೈರ್ ಬೆಸೆಯುವ ಪಾಟಿನ ಬೆನ್ನಿಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು. ಅರ್ಧ ನಿಮಿಷ ಒತ್ತಿ ಹಿಡಿದರೂ ಸೋಲ್ಡರ್ ಮಂಕಾಗಿ ಗುಳ್ಳೆ ಕಟ್ಟುತ್ತದೆ, ಅಷ್ಟರಲ್ಲಿ ಒಳಗಿನ ಕಾರ್ಬನ್ ಪಟ್ಟಿ ಬೆಂದಿರುತ್ತದೆ. ಮರಳು ಕಾಗದದಿಂದ ಬೆನ್ನು ಉಜ್ಜಿ, 50-60 ವ್ಯಾಟ್ ಐರನ್, ಚಪ್ಪಟೆ ತುದಿ, 60/40 ಸೋಲ್ಡರ್, ಮೂರ್ನಾಲ್ಕು ಸೆಕೆಂಡು. ತಗಡು ಬೆಸೆಯುವ ಆಸಿಡ್ ಪೇಸ್ಟನ್ನು ಗಿಟಾರಿಗೆ ಹಚ್ಚುವವರ ಕೈಯಿಂದ ಐರನ್ ಕಸಿದುಕೊಳ್ಳಬೇಕು. ಈ ಊರಿನ ತೇವದಲ್ಲಿ ಅದು ಹಸಿರು ಕಿಲುಬು ಹಿಡಿಸಿ ವೈರನ್ನೇ ತಿನ್ನುತ್ತದೆ. ರೋಸಿನ್ ಇರುವ ಸೋಲ್ಡರ್ ಸಾಕು.

ಹಮ್ ಬಂದರೆ ಸಾಕು, ತಾಮ್ರದ ಟೇಪ್ ಅಂಟಿಸಿ ಬಿಲ್ ಹಿಗ್ಗಿಸುತ್ತಾರೆ. ಆ ಟೇಪಿನ ಅಂಟು ವಿದ್ಯುತ್ ಹರಿಯುವಂಥದ್ದೇ? ಅಲ್ಲದಿದ್ದರೆ ಪ್ರತಿ ತುಂಡನ್ನೂ ಒಂದು ಚುಕ್ಕೆ ಸೋಲ್ಡರಿನಿಂದ ಜೋಡಿಸಬೇಕು, ಮೂಲೆಯಿಂದ ಗ್ರೌಂಡಿಗೆ 1 ಓಮ್ ಒಳಗೆ ಬರಬೇಕು. ಟೇಪ್ ಸ್ವಿಚ್ಚಿನ ಕಾಲಿಗೋ ಜ್ಯಾಕಿನ ತುದಿಗೋ ತಾಗಿದರೆ, ಮುಚ್ಚಳ ಬಿಗಿದ ಕೂಡಲೇ ಗಿಟಾರ್ ಮೂಕ. ಅದೂ ಅಲ್ಲದೆ ತಾಮ್ರ ತಡೆಯುವುದು ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್ ಕಡೆಯ ಜರ್ ಸದ್ದನ್ನು. ಸಿಂಗಲ್ ಕಾಯಿಲ್ ಟ್ರಾನ್ಸ್‌ಫಾರ್ಮರಿನ ಹತ್ತಿರ ಹಿಡಿಯುವ 50 ಹರ್ಟ್ಜ್ ಹಮ್ ಅದರಿಂದ ಹೋಗುವುದೇ ಇಲ್ಲ. ಇದನ್ನು ಗಿರಾಕಿಗೆ ಮೊದಲೇ ಹೇಳಬೇಡವೇ?

ಇನ್ನೊಂದಿದೆ, ಇದು ಪ್ರಾಣದ ಮಾತು. ಹಳೇ ಚಾಳುಗಳಲ್ಲಿ, ಎಷ್ಟೋ ಹಾಲ್‌ಗಳಲ್ಲಿ ಅರ್ಥಿಂಗೇ ಇಲ್ಲ. ತಂತಿ ಮುಟ್ಟಿದರೆ ಜುಂ ಅನ್ನುತ್ತದೆ, ಮೈಕಿಗೆ ತುಟಿ ತಾಗಿದರೆ ಹೊಡೆಯುತ್ತದೆ. ಇದಕ್ಕೆ ಕೆಲವು ಮಿಸ್ತ್ರಿಗಳು ಕೊಡುವ ಔಷಧಿ, ತಂತಿ ಕೂರುವ ಬ್ರಿಡ್ಜಿನಿಂದ ಬರುವ ಗ್ರೌಂಡ್ ವೈರನ್ನೇ ಕತ್ತರಿಸುವುದು, ಇಲ್ಲವೇ ಆಂಪ್ಲಿಫೈಯರ್ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿಯುವುದು. ಪಿನ್ ಮುರಿಯುವುದು ಅಪರಾಧಕ್ಕೆ ಸಮ. ಅದು ಇರುವುದೇ ನುಡಿಸುವವನನ್ನು ಕಾಯಲು. ಗಿಟಾರನ್ನು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಅರ್ಥ್ ಪರೀಕ್ಷೆ ಮಾಡಿಸಿ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಕೊನೆಗೆ, ಬಿಚ್ಚಿದ ಭಾಗಗಳು. ಕೇಳಿದರೆ "ಕಚ್ರಾ ಥಾ, ಫೇಕ್ ದಿಯಾ" ಅನ್ನುತ್ತಾರೆ. ಕಚರಾ ಅಲ್ಲ, ಅದು ದುಡ್ಡು ಕೊಟ್ಟು ತಂದ ಗಿಟಾರಿನ ಮಾಲು. ನಾಳೆ ಮಾರುವಾಗ ಕೊಳ್ಳುವವನು ಮೊದಲು ಕೇಳುವುದೇ ಒರಿಜಿನಲ್ ಪಾರ್ಟ್ಸ್. ಗಿಟಾರ್ ಕೈಗೆ ಕೊಡುವ ಮೊದಲೇ ಒಳಗಿನ ಫೋಟೋ ತೆಗೆದಿಟ್ಟುಕೊಳ್ಳಿ, ರಸೀದಿಯಲ್ಲಿ ಬರೆಸಿಕೊಳ್ಳಿ: ಪಿಕಪ್ 2, ಪಾಟ್ 4, ಸ್ವಿಚ್ 1, ಜ್ಯಾಕ್ 1, ನಾಬ್ 4, ಎಲ್ಲಾ ವಾಪಸ್.